ಬಾಡಿಗೆದಾರರ ಜೊತೆ ನಾಯಿ, ಬೆಕ್ಕು ಬಂದರೆ? ಮನೆ ಮಾಲೀಕರು ಕೇಳಬೇಕಾದ್ದು, ನೋಡಬೇಕಾದ್ದು

ಮೇ ತಿಂಗಳು ಮುಗಿಯುತ್ತಿದ್ದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓಣಿಗಳಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡುಗಳು ಕಾಣತೊಡಗುತ್ತವೆ. ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ಸಾರಿಗೆ ನೌಕರರು, ಸಕ್ಕರೆ ಕಾರ್ಖಾನೆಯ ನೌಕರರು, ಕೂಡಗಿ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದವರು ಮನೆ ಹುಡುಕಿಕೊಂಡು ಬರುತ್ತಾರೆ. ಮಕ್ಕಳ ಓದಿಗೆಂದು ಹಳ್ಳಿಯಿಂದ ಬರುವ ಕುಟುಂಬಗಳೂ ಇರುತ್ತವೆ. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಮೇಲಿನ ಮಹಡಿಯ ಅಥವಾ ಹಿತ್ತಲ ಕಡೆಯ ಎರಡು ಕೋಣೆಗಳ ಬಾಡಿಗೆಯೇ ತಿಂಗಳ ಖರ್ಚಿಗೆ ಆಧಾರ. ಮನೆಯ ಯಜಮಾನರು ದುಬೈಯಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದರೆ, ಬಾಡಿಗೆದಾರರನ್ನು ನೋಡಿ ಒಪ್ಪುವ ಹೊಣೆ ಮನೆಯ ಹೆಂಗಸರ ಮೇಲೆಯೇ ಬೀಳುತ್ತದೆ.

ಬಂದವರಿಗೆ ನಾವು ಏನೇನು ಕೇಳುತ್ತೇವೆ? ಎಷ್ಟು ಜನ ಇದ್ದೀರಿ, ಏನು ಕೆಲಸ, ಯಾವ ಊರು, ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ, ನೀರು ಎಷ್ಟು ಬೇಕಾಗುತ್ತದೆ? ಒಂದು ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ: ‘ನಿಮ್ಮ ಜೊತೆ ಯಾವುದಾದರೂ ಪ್ರಾಣಿ, ಪಕ್ಷಿ ಇದೆಯೇ?’ ಸಾಮಾನು ಇಳಿಸಿದ ಮೇಲೆ ಲಾರಿಯ ಕ್ಯಾಬಿನ್ನಿನಿಂದ ನಾಯಿ ಇಳಿದಾಗ ಮಾಲೀಕರಿಗೆ ಗಾಬರಿ. ಅಲ್ಲಿಂದ ಮುಂದೆ ಜಗಳ, ಇಲ್ಲವೇ ಒಳಗೊಳಗೇ ಅಸಮಾಧಾನ. ಎರಡೂ ಬೇಡ. ಮೊದಲೇ ಕೇಳಿ, ಪ್ರಾಣಿಯನ್ನು ನೋಡಿ, ಒಪ್ಪಿದ್ದನ್ನು ಬರೆದುಕೊಂಡರೆ ಆರೋಗ್ಯ, ಶುದ್ಧಿ, ನೆರೆಹೊರೆಯ ಸಂಬಂಧ ಮೂರೂ ಉಳಿಯುತ್ತವೆ.

ಮೊದಲು ನಿಮ್ಮ ಮನೆಯನ್ನು ನೋಡಿ

ಬಾಡಿಗೆದಾರರನ್ನು ಪ್ರಶ್ನಿಸುವ ಮೊದಲು ನಿಮ್ಮ ಮನೆಯ ಪರಿಸ್ಥಿತಿಯನ್ನು ನೀವೇ ಲೆಕ್ಕ ಹಾಕಿ. ಬಾಡಿಗೆಯ ಭಾಗಕ್ಕೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇದೆಯೇ, ಅಥವಾ ನಿಮ್ಮ ಪಡಸಾಲೆ ದಾಟಿಯೇ ಹೋಗಬೇಕೇ? ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಸಂಡಾಸ ಒಂದೇ ಇದೆಯೇ? ವುಝೂ ಮಾಡುವ ಜಾಗ, ನಮಾಝಿನ ಚಾಪೆ ಒಣಹಾಕುವ ತಾರಸಿ ಇಬ್ಬರಿಗೂ ಸೇರಿದ್ದೇ? ಮನೆಯಲ್ಲಿ ತೆವಳುವ ಮಗು, ಅಸ್ತಮಾ ಇರುವ ಅಜ್ಜಿ, ಬಾಣಂತನಕ್ಕೆ ಬರಲಿರುವ ಮಗಳು ಇದ್ದಾರೆಯೇ? ನೀವು ಕೋಳಿ, ಮೇಕೆ ಸಾಕಿದ್ದೀರಾ?

ಈ ಲೆಕ್ಕ ಏಕೆ ಬೇಕೆಂದರೆ, ಒಂದೇ ಪ್ರಾಣಿ ಒಂದು ಮನೆಗೆ ಹೊಂದುತ್ತದೆ, ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರೆ ಗೇಟು, ಬೇರೆ ಅಂಗಳ ಇರುವ ಮನೆಯಲ್ಲಿ ಲಸಿಕೆ ಹಾಕಿಸಿದ ನಾಯಿಯಿಂದ ದೊಡ್ಡ ತೊಂದರೆಯಿಲ್ಲ. ಒಂದೇ ಅಂಗಳದಲ್ಲಿ ಎರಡು ಸಂಸಾರ ನಡೆಯುವ ಹಳೆಯ ಕಲ್ಲಿನ ಮನೆಯಲ್ಲಿ ಅದೇ ನಾಯಿ ದಿನದಿನದ ತಕರಾರಾಗುತ್ತದೆ. ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲೋ ನೆರಳಿಲ್ಲದ ತಾರಸಿಯಲ್ಲೋ ಪ್ರಾಣಿಯನ್ನು ಕಟ್ಟುವುದಾದರೆ ಅದು ಪ್ರಾಣಿಗೂ ಹಿಂಸೆ, ಬೊಗಳುವಿಕೆಯಿಂದ ಓಣಿಗೂ ಹಿಂಸೆ. ದಿನವೂ ನಳದ ನೀರು ಬಾರದ ಓಣಿಯಾದರೆ ನಾಯಿಯ ಜಾಗ ತೊಳೆಯಲು ನೀರು ಎಲ್ಲಿಂದ ಎಂಬುದನ್ನೂ ಯೋಚಿಸಿ.

ಪ್ರಶ್ನೆ ಕೇಳುವ ರೀತಿ

‘ನಿಮ್ಮ ನಾಯಿ ಕಚ್ಚುತ್ತದೆಯೇ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಏನೂ ಮಾಡಂಗಿಲ್ರಿ ಚಾಚಾ, ಭಾಳ ಸಾಧು ಐತಿ.’ ಅವರು ಸುಳ್ಳು ಹೇಳುತ್ತಿಲ್ಲ. ಮನೆಯವರ ಕಣ್ಣಿಗೆ ಅದು ಸಾಧುವೇ. ಆದ್ದರಿಂದ ಹೌದು, ಇಲ್ಲ ಎಂದು ಮುಗಿಯದ ಪ್ರಶ್ನೆಗಳನ್ನು ಕೇಳಿ.

- ಹೊಸಬರು ಬಾಗಿಲಿಗೆ ಬಂದರೆ ಅದು ಏನು ಮಾಡುತ್ತದೆ?
- ನೀವೆಲ್ಲ ಕೆಲಸಕ್ಕೆ ಹೋದಾಗ ಎಲ್ಲಿರುತ್ತದೆ? ಎಷ್ಟು ಹೊತ್ತು ಒಂಟಿಯಾಗಿರುತ್ತದೆ?
- ರಾತ್ರಿ ಎಲ್ಲಿ ಮಲಗುತ್ತದೆ?
- ಮಲಮೂತ್ರಕ್ಕೆ ಎಲ್ಲಿಗೆ ಕರೆದೊಯ್ಯುತ್ತೀರಿ? ಯಾರು ಎತ್ತುತ್ತಾರೆ?
- ಊರಿಗೆ, ಮದುವೆಗೆ ಹೋದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?
- ಕೊನೆಯ ಲಸಿಕೆ ಯಾವಾಗ ಹಾಕಿಸಿದ್ದು? ಜಂತುಹುಳುವಿನ ಔಷಧಿ ಯಾವಾಗ ಕೊಟ್ಟದ್ದು?
- ಮೊದಲು ಯಾರ ಮನೆಯಲ್ಲಿ ಬಾಡಿಗೆಗೆ ಇದ್ದಿರಿ? ಅವರಿಗೊಂದು ಫೋನ್ ಮಾಡಬಹುದೇ?

ಉತ್ತರಕ್ಕಿಂತ ಉತ್ತರ ಕೊಡುವ ರೀತಿಯೇ ಹೆಚ್ಚು ಹೇಳುತ್ತದೆ. ಲಸಿಕೆಯ ತಿಂಗಳು ಬಾಯಲ್ಲೇ ಇರುವವರು, ಮಲ ಎತ್ತುವುದಕ್ಕೆ ಮುಖ ಸಿಂಡರಿಸದವರು ಪ್ರಾಣಿಯನ್ನು ಹೊಣೆಯಿಂದ ಸಾಕಿದವರು. ‘ಹೊರಗೆ ಬಿಡ್ತೀವ್ರಿ, ತಾನೇ ಹೋಗಿ ಬರ್ತೈತಿ’ ಎನ್ನುವವರ ನಾಯಿ ನಿಮ್ಮ ಓಣಿಯ ಬೀದಿನಾಯಿಗಳ ಜೊತೆ ಸೇರುತ್ತದೆ. ಜಗಳವಾಡಿ, ಗಾಯ ಮಾಡಿಕೊಂಡು ಒಳಗೆ ಬರುತ್ತದೆ. ಅಪಾಯವಿರುವುದು ಅಲ್ಲಿ.

ಇಲ್ಲಿ ಇನ್ನೊಂದು ಮಾತು. ಹೆಸರು ಕೇಳಿದ ಕೂಡಲೇ ‘ಮನೆ ಆಗಲೇ ಹೋಯ್ತು’ ಎಂಬ ಉತ್ತರ ಕೇಳಿದ ಅನುಭವ ದೊಡ್ಡ ಊರುಗಳಿಗೆ ಹೋದ ನಮ್ಮ ಮಕ್ಕಳಲ್ಲಿ ಬಹಳ ಜನರಿಗಿದೆ. ಆ ನೋವು ಗೊತ್ತಿರುವ ನಾವು ಅದೇ ತಕ್ಕಡಿಯಲ್ಲಿ ಇನ್ನೊಬ್ಬರನ್ನು ತೂಗಬಾರದು. ಪ್ರಶ್ನೆ ಪ್ರಾಣಿಯ ಬಗ್ಗೆ ಇರಲಿ, ಜಾತಿ ಧರ್ಮದ ಬಗ್ಗೆ ಬೇಡ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಷರತ್ತು ಇರಲಿ. ಬೇಡವೆನ್ನುವುದಾದರೆ ನಿಜವಾದ ಕಾರಣವನ್ನೇ ಹೇಳಿ: ‘ಮನೆಯಲ್ಲಿ ತೆವಳೋ ಕೂಸು ಐತ್ರಿ ಅಕ್ಕಾರ, ಅಂಗಳ ಒಂದೇ. ನಾಯಿಗೂ ಇಲ್ಲಿ ಜಾಗ ಸಾಲಂಗಿಲ್ಲ.’ ನೇರವಾಗಿ ಹೇಳಿದ ‘ಇಲ್ಲ’ ಯಾರನ್ನೂ ಅವಮಾನಿಸುವುದಿಲ್ಲ.

ಲಸಿಕೆಯ ಚೀಟಿಯನ್ನು ಓದುವುದು ಹೇಗೆ?

ಸಾಕುನಾಯಿ, ಸಾಕುಬೆಕ್ಕಿಗೆ ಲಸಿಕೆ ಹಾಕಿದ ಪಶುವೈದ್ಯರು ಒಂದು ಸಣ್ಣ ಪುಸ್ತಕ ಅಥವಾ ಚೀಟಿ ಕೊಡುತ್ತಾರೆ. ಅದನ್ನು ಕೇಳಿ ಪಡೆದು ನೋಡಿ. ನಾಲ್ಕು ಸಂಗತಿ ಗಮನಿಸಿದರೆ ಸಾಕು.

ಒಂದು, ಚೀಟಿಯಲ್ಲಿರುವ ಬಣ್ಣ, ಗಂಡು-ಹೆಣ್ಣು, ವಯಸ್ಸು ಎದುರಿಗಿರುವ ಪ್ರಾಣಿಗೆ ಹೊಂದುತ್ತದೆಯೇ? ಎರಡು, ಲಸಿಕೆಯ ಬಾಟಲಿಯ ಲೇಬಲ್ ಅಂಟಿಸಿ, ಬ್ಯಾಚ್ ನಂಬರ್ ಮತ್ತು ದಿನಾಂಕ ಬರೆದಿದೆಯೇ? ಮೂರು, ವೈದ್ಯರ ಸಹಿ ಮತ್ತು ಮೊಹರು ಇದೆಯೇ? ನಾಲ್ಕು, ಮುಂದಿನ ಲಸಿಕೆಯ ದಿನಾಂಕ ದಾಟಿ ಹೋಗಿದೆಯೇ?

ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದಾಗ ಹಾಕುತ್ತಾರೆ. ನಂತರ ವೈದ್ಯರು ಹೇಳಿದಂತೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ. ಮೊದಲ ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ಮೂರ್ನಾಲ್ಕು ವಾರ ಬೇಕು. ಆದ್ದರಿಂದ ‘ನಿನ್ನೆ ಹಾಕಿಸಿದ್ದೇವೆ’ ಎಂಬ ಮರಿಯ ಬಗ್ಗೆ ಸ್ವಲ್ಪ ದಿನ ಎಚ್ಚರ ಬೇಕು. ಜಂತುಹುಳುವಿನ ಔಷಧಿಯನ್ನು ಮರಿಗಳಿಗೆ ಬೇಗ ಬೇಗ, ದೊಡ್ಡವಕ್ಕೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಡಬೇಕು.

ಚೀಟಿ ಇಲ್ಲವೆಂದರೆ ಅಲ್ಲಿಗೇ ಬಾಗಿಲು ಹಾಕಬೇಡಿ. ನಾಲ್ಕೂ ಪಟ್ಟಣಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ‘ಮೊದಲು ಲಸಿಕೆ ಹಾಕಿಸಿ ಚೀಟಿ ತನ್ನಿ, ಆಮೇಲೆ ಮಾತಾಡೋಣ’ ಎನ್ನಿ. ನಿಮ್ಮ ಒಂದು ಮಾತಿನಿಂದ ಒಂದು ಪ್ರಾಣಿಗೆ ಲಸಿಕೆ ಬಿದ್ದರೆ ಇಡೀ ಓಣಿಗೆ ಉಪಕಾರ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುವುದುಂಟು, ವಿಚಾರಿಸಿ.

ಪ್ರಾಣಿಯನ್ನು ಕಣ್ಣಾರೆ ನೋಡಿ

ಮುಂಗಡ ಪಡೆಯುವ ಮೊದಲು ಪ್ರಾಣಿಯನ್ನು ಒಮ್ಮೆ ಕರೆತರಲು ಹೇಳಿ, ಅಥವಾ ಅವರು ಈಗ ಇರುವ ಮನೆಗೆ ಹೋಗಿ ನೋಡಿ ಬನ್ನಿ. ಅಲ್ಲಿನ ವಾಸನೆ, ಬಾಗಿಲ ಮೇಲಿನ ಉಗುರಿನ ಗೀರು ಎಲ್ಲ ಕಥೆ ಹೇಳುತ್ತವೆ. ಪ್ರಾಣಿಯ ಕೂದಲು ಉದುರಿ ಚಕ್ಕೆ ಚಕ್ಕೆಯಾಗಿದ್ದರೆ ಕಜ್ಜಿ ಅಥವಾ ಗಜಕರ್ಣವಿರಬಹುದು. ಗಜಕರ್ಣ ಬೆಕ್ಕಿನ ಮರಿಗಳಿಂದ ಮಕ್ಕಳಿಗೆ ಸುಲಭವಾಗಿ ಹರಡುತ್ತದೆ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಇವೆಯೇ ನೋಡಲು ಹೇಳಿ. ಮಾಲೀಕರು ಕರೆದರೆ ಬರುತ್ತದೆಯೇ, ‘ಕೂಡು’ ಎಂದರೆ ಕೂಡುತ್ತದೆಯೇ ಗಮನಿಸಿ. ಮಾತು ಕೇಳುವ ನಾಯಿಯನ್ನು ಯಾರೋ ಕಲಿಸಿ ಬೆಳೆಸಿದ್ದಾರೆ ಎಂದರ್ಥ.

ತಳಿಯ ಹೆಸರು ಕೇಳಿ ಹೆದರಬೇಡಿ, ತಳಿಯ ಹೆಸರು ಕೇಳಿ ಮರುಳಾಗಲೂ ಬೇಡಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಪಶುಸಂಗೋಪನೆ ಇಲಾಖೆ 23 ತಳಿಯ ನಾಯಿಗಳು ಅಪಾಯಕಾರಿ ಎಂದು ನಿಷೇಧಕ್ಕೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಮನೆ ಮಾಲೀಕರಿಗೆ ಬೇಕಾದದ್ದು ಆ ನಾಯಿಯ ನಡತೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಅದು ಓಡುವ ಬೇಟೆಯನ್ನು ಕಣ್ಣಿಂದ ಕಂಡು ಬೆನ್ನಟ್ಟುವ ತಳಿ. ಹೊಲದ ಮನೆಗೆ, ನಿಂಬೆ ತೋಟದ ಕಾವಲಿಗೆ ಒಳ್ಳೆಯದು. ಎರಡು ಕೋಣೆಯಲ್ಲಿ ಕೂಡಿಹಾಕಿದರೆ ಅದಕ್ಕೇ ಸಂಕಟ, ನಿಮ್ಮ ಕೋಳಿಗಳಿಗೂ ಸಂಕಟ. ಅದರಲ್ಲಿ ನಾಯಿಯ ತಪ್ಪಿಲ್ಲ, ಜಾಗ ಹೊಂದುವುದಿಲ್ಲ ಅಷ್ಟೆ.

ರೇಬೀಸ್: ಮರೆಯಬಾರದ ರೋಗ

ಪ್ರಾಣಿಯಿಂದ ಬರುವ ರೋಗಗಳಲ್ಲಿ ರೇಬೀಸ್‌ಗೆ ಮೊದಲ ಸ್ಥಾನ ಕೊಡಲು ಕಾರಣವಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಚಿಕಿತ್ಸೆ ಇಲ್ಲ, ಸಾವು ಬಹುತೇಕ ಖಚಿತ. ಆದರೆ ಕಚ್ಚಿದ ಕೂಡಲೇ ಸರಿಯಾದ ಕ್ರಮ ಕೈಗೊಂಡರೆ ತಡೆಯಬಹುದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇಕಡಾ 99ರಷ್ಟು ನಾಯಿಯಿಂದಲೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಕ್ಕಿನಿಂದಲೂ ಬರಬಹುದು. ರೋಗಾಣು ಜೊಲ್ಲಿನಲ್ಲಿರುತ್ತದೆ. ಕಚ್ಚಿದಾಗ, ಗೀರಿದಾಗ, ತೆರೆದ ಗಾಯವನ್ನು ನೆಕ್ಕಿದಾಗ ಒಳಹೋಗುತ್ತದೆ.

ಮನೆಯ ಎಲ್ಲರಿಗೂ, ಬಾಡಿಗೆಯ ಕುಟುಂಬಕ್ಕೂ ಈ ಕ್ರಮ ಬಾಯಿಪಾಠವಾಗಿರಲಿ:

1. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ನಳದಲ್ಲಿ ನೀರಿಲ್ಲದಿದ್ದರೆ ತಂಬಿಗೆಯಿಂದ ಸುರಿಯುತ್ತಾ ತೊಳೆಯಿರಿ.
2. ಖಾರದ ಪುಡಿ, ಸುಣ್ಣ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ.
3. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಹೊಟ್ಟೆಗೆ 14 ಸೂಜಿ ಚುಚ್ಚುವ ಕಾಲ ಹೋಗಿದೆ, ಈಗ ತೋಳಿಗೇ ಕೊಡುತ್ತಾರೆ.
4. ರಕ್ತ ಬಂದ ಗಾಯವಾದರೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನು ಗಾಯದ ಸುತ್ತ ಕೊಡಬೇಕಾಗುತ್ತದೆ. ನೀವೇ ಕೇಳಿ. ಅಲ್ಲಿ ಸಿಗದಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ.
5. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಹಸುಗೂಸಿಗೆ ಕೂಡ ಲಸಿಕೆ ಕೊಡಲೇಬೇಕು.
6. ಕಚ್ಚಿದ ಸಾಕುನಾಯಿಯನ್ನು ಹೊಡೆದು ಕೊಲ್ಲಬೇಡಿ, ಓಡಿಸಬೇಡಿ. ಕಟ್ಟಿಹಾಕಿ 10 ದಿನ ಗಮನಿಸಬೇಕು. ಆದರೆ ಆ ಹತ್ತು ದಿನ ಮುಗಿಯಲಿ ಎಂದು ಲಸಿಕೆಯನ್ನು ಮುಂದೂಡಬಾರದು. ನಾಯಿ ಆರೋಗ್ಯವಾಗಿದ್ದರೆ ಉಳಿದ ಲಸಿಕೆಯ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ.

ಮಕ್ಕಳು ಬೈಸಿಕೊಳ್ಳುವ ಭಯಕ್ಕೆ ಗೀರಿದ್ದನ್ನು ಮುಚ್ಚಿಡುತ್ತಾರೆ. ‘ನಾಯಿ, ಬೆಕ್ಕು ಏನು ಮಾಡಿದರೂ ಬಂದು ಹೇಳು, ನಾನು ಬೈಯುವುದಿಲ್ಲ’ ಎಂದು ಮೊದಲೇ ಹೇಳಿಡಿ. ತಿನ್ನುವಾಗ, ಮಲಗಿದಾಗ, ಮರಿಗೆ ಹಾಲು ಕುಡಿಸುವಾಗ ನಾಯಿಯ ಹತ್ತಿರ ಹೋಗಬಾರದು ಎಂಬುದನ್ನೂ ಕಲಿಸಿ.

ಬಕ್ರೀದ್ ಮತ್ತು ನಾಯಿಯ ಹೊಟ್ಟೆಯ ಹುಳು

ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ರೋಗವಿದೆ, ಹೈಡ್ಯಾಟಿಡ್ ಗಡ್ಡೆ. ಕುರಿ, ಮೇಕೆ ಕೊಯ್ದಾಗ ಕೆಲವೊಮ್ಮೆ ಅದರ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ, ಅಂದರೆ ಕಲೇಜಿಯಲ್ಲಿ, ಅಥವಾ ಪುಪ್ಪುಸದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಾಣುತ್ತವೆ. ‘ಇದು ತಿನ್ನೋದಕ್ಕೆ ಬರಲ್ಲ’ ಎಂದು ಅದನ್ನು ಕತ್ತರಿಸಿ ನಾಯಿಗೆ ಎಸೆಯುವುದು ರೂಢಿ. ಆ ಗುಳ್ಳೆಯೊಳಗೆ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆದು ಕೆಲವು ವಾರಗಳ ನಂತರ ಮಲದಲ್ಲಿ ಮೊಟ್ಟೆಗಳನ್ನು ಬಿಡುತ್ತವೆ. ಮೊಟ್ಟೆ ನಾಯಿಯ ಕೂದಲಿಗೆ, ಅಂಗಳದ ಮಣ್ಣಿಗೆ, ಹಿತ್ತಲ ಸೊಪ್ಪಿಗೆ ಅಂಟಿ, ತೊಳೆಯದ ಕೈಯ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ಅಥವಾ ಪುಪ್ಪುಸದಲ್ಲಿ ಗಡ್ಡೆ ಬೆಳೆಯುತ್ತದೆ. ಅನೇಕರಿಗೆ ಆಪರೇಷನ್ನೇ ಬೇಕಾಗುತ್ತದೆ.

ಅಂದರೆ ಇಲ್ಲಿ ಬಾಡಿಗೆದಾರರ ನಾಯಿಗೆ ಹುಳು ಕೊಡುವವರು ನಾವೇ ಆಗಬಹುದು. ಬಾಡಿಗೆದಾರರು ಜಂತುಹುಳುವಿನ ಔಷಧಿ ಕೊಡಿಸುವುದು ಎಷ್ಟು ಮುಖ್ಯವೋ, ನಾವು ಕುರ್ಬಾನಿಯ ತ್ಯಾಜ್ಯವನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳುವುದು ಅಥವಾ ಪುರಸಭೆಯ ವಾಹನಕ್ಕೆ ಕೊಡುವುದು ಅಷ್ಟೇ ಮುಖ್ಯ. ಹಸಿ ಕರುಳು, ಕಲೇಜಿ ಯಾವ ನಾಯಿಗೂ ಬೇಡ. ಕೊಡುವುದಾದರೆ ಚೆನ್ನಾಗಿ ಕುದಿಸಿ ಕೊಡಿ. ಪಶುವೈದ್ಯರ ಬಳಿ ಹೋಗುವ ಬಾಡಿಗೆದಾರರಿಗೆ ‘ಲಾಡಿಹುಳುವಿಗೂ ಔಷಧಿ ಕೇಳಿ’ ಎಂದು ನೆನಪಿಸಿ.

ಬೆಕ್ಕು, ಪಕ್ಷಿ, ಮೇಕೆ

ಬೆಕ್ಕಿನ ಬಗ್ಗೆ ನಮ್ಮಲ್ಲಿ ಅಂಜಿಕೆ ಕಡಿಮೆ. ಆದರೆ ಗರ್ಭಿಣಿಯರಿದ್ದರೆ ಒಂದು ಎಚ್ಚರ ಬೇಕು. ಬೆಕ್ಕಿನ ಮಲದಿಂದ ಟಾಕ್ಸೋಪ್ಲಾಸ್ಮಾ ಎಂಬ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು. ಹೊಸ ಮಲದಲ್ಲಿನ ರೋಗಾಣು ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಬೆಕ್ಕಿನ ಮರಳಿನ ತಟ್ಟೆಯನ್ನು ಬಾಡಿಗೆದಾರರು ದಿನವೂ ಸ್ವಚ್ಛಗೊಳಿಸಬೇಕು. ಗರ್ಭಿಣಿ ಅದನ್ನು ಮುಟ್ಟಬಾರದು, ಹಿತ್ತಲ ಮಣ್ಣು ಕೆದಕಿದರೆ ಸಾಬೂನಿನಿಂದ ಕೈ ತೊಳೆಯಬೇಕು. ಇದೇ ಸೋಂಕು ಅರೆಬೆಂದ ಮಾಂಸದಿಂದಲೂ ಬರುತ್ತದೆ. ಬೆಕ್ಕನ್ನು ಹೊರಹಾಕಿ ಅರೆಬೆಂದ ಕಬಾಬ್ ತಿಂದರೆ ಪ್ರಯೋಜನವಿಲ್ಲ.

ಪಕ್ಷಿಗಳ ವಿಷಯದಲ್ಲಿ ಮೊದಲು ಕಾನೂನು ನೋಡಿ. ನಮ್ಮ ಹೊಲ ತೋಟಗಳ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಹಾಗೆಯೇ. ಇಂಥವನ್ನು ತಂದವರಿಗೆ ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ. ಲವ್ ಬರ್ಡ್ಸ್‌ನಂಥ ವಿದೇಶಿ ಪಕ್ಷಿಗಳ ವಿಷಯ ಬೇರೆ. ತಾರಸಿಯಲ್ಲಿ ಪಾರಿವಾಳ ಸಾಕುವ ಶೌಕು ಇರುವವರಾದರೆ ಹಿಕ್ಕೆಯ ಧೂಳಿನ ಬಗ್ಗೆ ಮಾತಾಡಿ. ಒಣ ಹಿಕ್ಕೆಯ ಧೂಳು ಉಸಿರಾಟದ ತೊಂದರೆ ಇರುವವರಿಗೆ ಬಹಳ ಕೆಟ್ಟದ್ದು. ಗುಡಿಸುವ ಮೊದಲು ನೀರು ಚಿಮುಕಿಸಬೇಕು, ಮುಖಕ್ಕೆ ಮಾಸ್ಕ್ ಇರಬೇಕು, ನೀರಿನ ಟ್ಯಾಂಕಿಗೆ ಗಟ್ಟಿಯಾದ ಮುಚ್ಚಳ ಇರಲೇಬೇಕು.

ಬಕ್ರೀದ್‌ಗೆ ತಿಂಗಳ ಮೊದಲೇ ಮೇಕೆ ತಂದು ಕಟ್ಟುವ ಬಾಡಿಗೆದಾರರೂ ಇರುತ್ತಾರೆ. ಎಲ್ಲಿ ಕಟ್ಟುತ್ತಾರೆ, ಹಿಕ್ಕೆ ಎಲ್ಲಿಗೆ ಹಾಕುತ್ತಾರೆ ಎಂಬುದನ್ನು ಮಾತಾಡಿಕೊಳ್ಳಿ. ಮೇಕೆಯ ಹಾಲು ಕುದಿಸಿಯೇ ಕುಡಿಯಿರಿ. ಗರ್ಭ ಬಿದ್ದ ಮೇಕೆಯ ಮಾಸನ್ನು ಬರಿಗೈಯಿಂದ ಮುಟ್ಟಬೇಡಿ. ಬ್ರುಸೆಲ್ಲಾ ಎಂಬ, ಬಿಟ್ಟು ಬಿಟ್ಟು ಬರುವ ಜ್ವರ ಹೀಗೇ ಬರುತ್ತದೆ.

ಶುದ್ಧಿಯ ಪ್ರಶ್ನೆ

‘ನಾಯಿ ಇದ್ದ ಅಂಗಳದಲ್ಲಿ ನಮಾಝ್ ಹೇಗೆ?’ ಎಂಬ ಪ್ರಶ್ನೆ ಸಹಜ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಅದರಲ್ಲೂ ಮೊದಲ ಸಲ ಮಣ್ಣಿನಿಂದ ತೊಳೆಯಬೇಕೆಂಬ ಪ್ರವಾದಿ(ಸ)ವರ್ಯರ ನಿರ್ದೇಶ ಸಹೀಹ್ ಮುಸ್ಲಿಮ್‌ನಲ್ಲಿದೆ. ಬೇಟೆ, ಜಾನುವಾರು ಮತ್ತು ಹೊಲದ ಕಾವಲಿಗೆ ನಾಯಿ ಸಾಕಲು ವಿನಾಯಿತಿಯೂ ಹದೀಸ್‌ಗಳಲ್ಲಿದೆ. ಬೆಕ್ಕು ಅಶುದ್ಧವಲ್ಲ, ಅದು ಮನೆಯಲ್ಲಿ ಸುತ್ತಾಡಿಕೊಂಡಿರುವ ಜೀವಿ ಎಂಬ ಆಶಯದ ಹದೀಸ್ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಒಣಗಿದ ನಾಯಿಯ ಮೈ ಒಣ ಬಟ್ಟೆಗೆ ತಾಗಿದ ಮಾತ್ರಕ್ಕೆ ಬಟ್ಟೆ ಅಶುದ್ಧವಾಗುವುದಿಲ್ಲ. ಜೊಲ್ಲು, ಮೂತ್ರ, ಮಲ ತಾಗಿದ ಕಡೆ ತೊಳೆಯಬೇಕು. ಉಳಿದ ವಿವರಗಳನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ.

ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದವನು ಕ್ಷಮೆ ಪಡೆದದ್ದು, ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದವಳು ಶಿಕ್ಷೆಗೆ ಒಳಗಾದದ್ದು ಬುಖಾರಿಯ ಹದೀಸ್‌ಗಳಲ್ಲಿ ಬರುತ್ತದೆ. ಶುದ್ಧಿ ಕಾಪಾಡುವ ಹೆಸರಿನಲ್ಲಿ ಪ್ರಾಣಿಗೆ ಕಲ್ಲು ಹೊಡೆಯಲು ಇಲ್ಲಿ ಅವಕಾಶವಿಲ್ಲ. ಅಂಗಳವನ್ನು ಭಾಗ ಮಾಡಿಕೊಳ್ಳುವುದೇ ಸುಲಭದ ದಾರಿ: ವುಝೂ ಮಾಡುವ, ಪಾತ್ರೆ ತೊಳೆಯುವ, ಬಟ್ಟೆ ಒಣಹಾಕುವ ಜಾಗಕ್ಕೆ ನಾಯಿ ಬರಬಾರದು. ಅದರ ಜಾಗದಲ್ಲಿ ಅದನ್ನು ಯಾರೂ ಕಾಡಬಾರದು.

ಕರಾರಿನಲ್ಲಿ ಬರೆಯಬೇಕಾದ್ದು

ಬಾಯಿಮಾತಿನ ಒಪ್ಪಂದ ಮೂರು ತಿಂಗಳಲ್ಲಿ ಮರೆತುಹೋಗುತ್ತದೆ. 11 ತಿಂಗಳ ಬಾಡಿಗೆ ಕರಾರು ಮಾಡುವಾಗ ಈ ಸಾಲುಗಳನ್ನೂ ಸೇರಿಸಿ, ಇಬ್ಬರೂ ಸಹಿ ಮಾಡಿ.

- ಯಾವ ಪ್ರಾಣಿ, ಎಷ್ಟು, ಯಾವ ಬಣ್ಣ. ಹೊಸದನ್ನು ತರುವ ಮೊದಲು, ಮರಿ ಹಾಕಿದರೆ ಕೂಡ, ತಿಳಿಸಬೇಕು.
- ವರ್ಷಕ್ಕೊಮ್ಮೆ ಲಸಿಕೆಯ ಚೀಟಿಯ ನಕಲು ಕೊಡಬೇಕು.
- ಗೇಟಿನ ಹೊರಗೆ, ಎಲ್ಲರೂ ಬಳಸುವ ಅಂಗಳದಲ್ಲಿ ಹಗ್ಗ ಅಥವಾ ಪಟ್ಟಿ ಹಿಡಿದೇ ಕರೆದೊಯ್ಯಬೇಕು.
- ಮಲವನ್ನು ಕೂಡಲೇ ಎತ್ತಬೇಕು. ಗಟಾರಕ್ಕೆ ತಳ್ಳಬಾರದು.
- ಪ್ರಾಣಿ ಬರಬಾರದ ಜಾಗಗಳ ಹೆಸರು.
- ಬಿಸಿಲಲ್ಲಿ ಕಟ್ಟಬಾರದು, ರಾತ್ರಿಯಿಡೀ ಒಂಟಿಯಾಗಿ ಬಿಟ್ಟು ಹೋಗಬಾರದು.
- ಯಾರಿಗಾದರೂ ಕಚ್ಚಿದರೆ ಚಿಕಿತ್ಸೆಯ ಖರ್ಚು, ಬಾಗಿಲು ಗೋಡೆ ಕೆಟ್ಟರೆ ದುರಸ್ತಿಯ ಖರ್ಚು ಯಾರದು.

ಇದಕ್ಕಾಗಿ ಡಿಪಾಜಿಟ್ ಸ್ವಲ್ಪ ಹೆಚ್ಚು ಪಡೆಯುವುದಾದರೆ ಕಾರಣವನ್ನೂ ಕರಾರಿನಲ್ಲಿ ಬರೆಯಿರಿ. ಕೀಲಿ ಕೊಡುವ ದಿನ ಬಾಗಿಲು, ಗೋಡೆ, ಫರಸಿಯ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಖಾಲಿ ಮಾಡುವಾಗ ನಿಜವಾದ ಖರ್ಚು ಮಾತ್ರ ಹಿಡಿದು ಉಳಿದದ್ದನ್ನು ಹಿಂದಿರುಗಿಸಿ. ಅದು ಅವರ ಅಮಾನತು.

ಕಾನೂನು ಏನು ಹೇಳುತ್ತದೆ?

ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಪ್ರಾಣಿ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಇತ್ತ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಾಣಿಯನ್ನು ಹೊಡೆಯುವುದು, ತೀರಾ ಚಿಕ್ಕ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬಿಡುವುದನ್ನು ಅಪರಾಧವೆನ್ನುತ್ತದೆ. ಇದು ಬಾಡಿಗೆದಾರರಿಗೂ ಅನ್ವಯ, ಮಾಲೀಕರಿಗೂ ಅನ್ವಯ. ಸಿಟ್ಟಿನಿಂದ ನಾಯಿಯನ್ನು ಗೋಣಿಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು ಬರುವುದು, ವಿಷ ಹಾಕುವುದು ಪಾಪವೂ ಹೌದು, ಅಪರಾಧವೂ ಹೌದು. ಬೇಡವೆಂದರೆ ಮನೆ ಕೊಡುವ ಮೊದಲೇ ಹೇಳಬೇಕು. ಒಪ್ಪಿ ಕೊಟ್ಟ ಮೇಲೆ ತೊಂದರೆಯಾದರೆ ಕರಾರಿನ ಪ್ರಕಾರ ಲಿಖಿತವಾಗಿ ತಿಳಿಸಿ ಕಾಲಾವಕಾಶ ಕೊಡಬೇಕು.

ಮನೆ ಖಾಲಿಯಾದ ಮೇಲೆ

ಪ್ರಾಣಿ ಹೋದರೂ ಅದರ ಉಣ್ಣೆ, ಚಿಗಟ ಹೋಗಿರುವುದಿಲ್ಲ. ನಾಯಿಯ ಉಣ್ಣೆ ಗೋಡೆಯ ಬಿರುಕಿನಲ್ಲಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಮೊದಲು ಬಾಗಿಲು ಕಿಟಕಿ ತೆರೆದು ಗುಡಿಸಿ, ಕಸವನ್ನು ಕಟ್ಟಿ ಹೊರಹಾಕಿ. ಮೂತ್ರದ ಜಾಗವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ಅದು ಹೋದ ಮೇಲೆಯೇ ಬ್ಲೀಚಿಂಗ್ ಪುಡಿಯ ನೀರು ಬಳಸಿ. ಮೂತ್ರದ ಮೇಲೆ ನೇರವಾಗಿ ಬ್ಲೀಚಿಂಗ್ ಹಾಕಿದರೆ, ಅಥವಾ ಸಂಡಾಸ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕಣ್ಣು, ಪುಪ್ಪುಸಕ್ಕೆ ಹಾನಿಕರ ಅನಿಲ ಬರುತ್ತದೆ. ಹುಳುವಿನ ಮೊಟ್ಟೆಗೆ ಬ್ಲೀಚಿಂಗ್ ಸಾಲದು. ಮಲ ಬಿದ್ದ ಜಾಗವನ್ನು ಕೆರೆದು ತೆಗೆದು ಕುದಿಯುವ ನೀರು ಸುರಿಯಿರಿ. ಬಿರುಕುಗಳಿಗೆ ಸಿಮೆಂಟ್ ತುಂಬಿ ಸುಣ್ಣ ಬಳಿಯಿರಿ. ಉಣ್ಣೆ ಬಹಳವಿದ್ದರೆ ಯಾವ ಔಷಧಿ ಸಿಂಪಡಿಸಬೇಕೆಂದು ಪಶುವೈದ್ಯರನ್ನು ಕೇಳಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮನೆಯೊಳಗೆ ಹೊಡೆಯಬೇಡಿ.

ಕೊನೆಯದಾಗಿ, ನೀವೇ ಬಾಡಿಗೆ ಮನೆಯಲ್ಲಿದ್ದು ಬೆಕ್ಕೋ ಪಕ್ಷಿಯೋ ಸಾಕಿದ್ದರೆ ಇಲ್ಲಿ ಹೇಳಿದ್ದೆಲ್ಲ ನಿಮಗೂ ಸಲ್ಲುತ್ತದೆ. ಮಾಲೀಕರು ಕೇಳುವವರೆಗೆ ಕಾಯಬೇಡಿ, ಲಸಿಕೆಯ ಚೀಟಿ ಕೈಯಲ್ಲಿ ಹಿಡಿದೇ ಮನೆ ನೋಡಲು ಹೋಗಿ. ಸಾಕುಪ್ರಾಣಿಗೆ ಕಾಯಿಲೆಯಾಗಿ ಪಶು ಆಸ್ಪತ್ರೆಗೆ ಒಯ್ಯಲು ಆಗದಿದ್ದರೆ 1962 ಸಂಖ್ಯೆಗೆ ಕರೆ ಮಾಡಿ, ಅದು ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ. ಈ ಸಂಖ್ಯೆಯನ್ನೂ ಹತ್ತಿರದ ತಾಲ್ಲೂಕು ಆಸ್ಪತ್ರೆಯ ಸಂಖ್ಯೆಯನ್ನೂ ಬರೆದು ಎರಡೂ ಮನೆಯವರಿಗೆ ಕಾಣುವಂತೆ ಬಾಗಿಲ ಹಿಂದೆ ಅಂಟಿಸಿಡಿ.